ಬಡಕಲಾದ ಆನೆಗಳು

ಇಂಗ್ಲೆಂಡಿನ ಫುಟ್‌ಬಾಲ್ ಅಭಿಮಾನಿಗಳ ನಡುವೆ ಜಗಳ ಹಚ್ಚಲು ಹೆಚ್ಚು ಕಷ್ಟಪಡಬೇಕಿಲ್ಲ. “ನಿಮ್ಮದೇನು ದೊಡ್ಡ ಕ್ಲಬ್ಬಾ?” ಎಂದು ಕೇಳಿ ಪಕ್ಕಕ್ಕೆ ಸರಿದು ನಿಂತರೆ ಸಾಕು. ಲಿವರ್‌ಪೂಲ್, ಆರ್ಸೆನಲ್‌ನವರನ್ನು ಕೇಳಿ ಪ್ರಯೋಜನವಿಲ್ಲ. ಅವರು ನಕ್ಕು ಸುಮ್ಮನಾಗುತ್ತಾರೆ. ಕೇಳಬೇಕಾದದ್ದು ಮೂರನೇ ದರ್ಜೆಯಲ್ಲೋ ನಾಲ್ಕನೇ ದರ್ಜೆಯಲ್ಲೋ ಒದ್ದಾಡುತ್ತಿರುವವರನ್ನು. ಅಲ್ಲಿ ಈ ಪ್ರಶ್ನೆಗೆ ವಂಶಾವಳಿ ತೆಗೆಯುತ್ತಾರೆ, ಹಳೆಯ ಕಪ್ಪುಗಳನ್ನು ಎಣಿಸುತ್ತಾರೆ, ಕೊನೆಗೆ ನಿಮ್ಮ ಊರಿನ ಬಸ್‌ಸ್ಟ್ಯಾಂಡಿನ ಅಂದಚಂದವನ್ನೂ ಎಳೆದು ತರುತ್ತಾರೆ.

ಅಲ್ಲಿನ ಲೆಕ್ಕ ಹೀಗಿದೆ. ಮೇಲೆ ಪ್ರೀಮಿಯರ್ ಲೀಗ್, ಅದರಲ್ಲಿ 20 ತಂಡ. ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ, ಒಂದೊಂದರಲ್ಲೂ 24. ಒಟ್ಟು 92. ಹೆಸರು ನೋಡಿ ಮೋಸಹೋಗಬೇಡಿ, ಲೀಗ್ ಒನ್ ಎಂದರೆ ಮೂರನೆಯದು. ಅದರ ಕೆಳಗೂ ಬಾವಿಯ ಮೆಟ್ಟಿಲಿನ ಹಾಗೆ ಇಳಿಯುತ್ತಲೇ ಹೋಗುತ್ತದೆ. ನಮ್ಮ ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದವರಿಗೂ ಮುಂದಿನ ವರ್ಷ ಅದೇ ಕುರ್ಚಿ ಕಾದಿರುತ್ತದೆ. ಅಲ್ಲಿ ಹಾಗಲ್ಲ, ಪಟ್ಟಿಯ ತಳದಲ್ಲಿದ್ದವರು ಗಂಟುಮೂಟೆ ಕಟ್ಟಿ ಕೆಳಗಿಳಿಯಲೇಬೇಕು. ಇಳಿದ ಮೇಲೆ ಉಳಿಯುವುದು ಹಳೆಯ ಹೆಸರು, ದೊಡ್ಡ ಸ್ಟೇಡಿಯಂ ಮತ್ತು ಅದರ ಕರೆಂಟ್ ಬಿಲ್ಲು.

ನನ್ನ ಹೆಂಡತಿಯ ತಮ್ಮ ಅರಸೀಕೆರೆಯವನು. ಈಗ ಇಂಗ್ಲೆಂಡಿನ ಸಂಡರ್‌ಲ್ಯಾಂಡ್‌ನಲ್ಲಿದ್ದಾನೆ. ಊರಲ್ಲಿದ್ದಾಗ ಕಬಡ್ಡಿಯನ್ನೂ ದೂರದಿಂದಲೇ ನೋಡುತ್ತಿದ್ದವನು, ಈಗ ಫೋನೆತ್ತಿದರೆ ಕ್ಷೇಮ ಸಮಾಚಾರಕ್ಕೆ ಮೊದಲೇ ಫುಟ್‌ಬಾಲ್ ಶುರು ಮಾಡುತ್ತಾನೆ.

“ಭಾವ, ನಾವು ಆರು ಸಲ ಚಾಂಪಿಯನ್ಸು. ಕೊನೇ ಸಲ ಗೆದ್ದಿದ್ದು 1936ರಲ್ಲಿ.”

“1936ರಲ್ಲಿ ನಿಮ್ಮ ತಾತ ತೋಟದಲ್ಲಿ ತೆಂಗಿನ ಸಸಿ ನೆಡ್ತಿದ್ರು ಕಣೋ.”

“ಅದು ಬೇರೆ ವಿಷಯ ಭಾವ. ನಮ್ಮದು ದೊಡ್ಡ ಕ್ಲಬ್ಬು.”

ಈ ಮಾತುಕತೆ ನಡೆದಾಗ ಅವನ ದೊಡ್ಡ ಕ್ಲಬ್ಬು ಲೀಗ್ ಒನ್‌ನಲ್ಲಿತ್ತು. 2017ರಲ್ಲಿ ಪ್ರೀಮಿಯರ್ ಲೀಗಿನಿಂದ ಜಾರಿ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ 2018ರಲ್ಲಿ ಮತ್ತೊಂದು ಮೆಟ್ಟಿಲು ಜಾರಿತ್ತು. ಆನೆ ಬಡಕಲಾದರೆ ಕೊಟ್ಟಿಗೆಯಲ್ಲಿ ಕಟ್ಟುವುದಕ್ಕಾಗುತ್ತದೆಯೇ ಎಂದು ನಮ್ಮವರು ಕೇಳುತ್ತಾರಲ್ಲ, ಇಂಗ್ಲಿಷರು ಕಟ್ಟಿಯೇಬಿಟ್ಟಿದ್ದಾರೆ. ಆ ಕೊಟ್ಟಿಗೆಯ ಹೆಸರೇ ಲೀಗ್ ಒನ್.

ಚರಿತ್ರೆಯಿಂದಲೇ ದೊಡ್ಡವರಾಗುವುದಾದರೆ ಪ್ರೆಸ್ಟನ್ ನಾರ್ತ್ ಎಂಡ್‌ನವರಿಗೆ ಮೊದಲ ಮಣೆ ಹಾಕಬೇಕು. 1888-89ರ ಮೊಟ್ಟಮೊದಲ ಲೀಗನ್ನು ಒಂದು ಪಂದ್ಯವನ್ನೂ ಸೋಲದೆ ಗೆದ್ದವರು ಅವರು. ಹಡರ್ಸ್‌ಫೀಲ್ಡ್ 1924ರಿಂದ 1926ರವರೆಗೆ ಸತತ ಮೂರು ಸಲ ಚಾಂಪಿಯನ್. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನವರಂತೂ 1979 ಮತ್ತು 1980ರಲ್ಲಿ ಇಡೀ ಯುರೋಪನ್ನೇ ಗೆದ್ದರು. 2005ರ ಹೊತ್ತಿಗೆ ಮೂರನೇ ದರ್ಜೆಯಲ್ಲಿದ್ದರು. ಅದೇ ಊರಿನ ನಾಟ್ಸ್ ಕೌಂಟಿ ಹುಟ್ಟಿದ್ದು 1862ರಲ್ಲಿ. ಇಟಲಿಯ ಯುವೆಂಟಸ್‌ನವರು ತೊಡುವ ಕಪ್ಪು-ಬಿಳಿ ಪಟ್ಟೆಯ ಅಂಗಿ 1903ರಲ್ಲಿ ಶುರುವಾದದ್ದು ಇವರ ಅಂಗಿಯ ಮಾದರಿಯಲ್ಲೇ. ಆ ಉಪಕಾರ ಮರೆಯದೆ ಯುವೆಂಟಸ್‌ನವರು 2011ರಲ್ಲಿ ತಮ್ಮ ಹೊಸ ಸ್ಟೇಡಿಯಮ್ಮಿನ ಗೃಹಪ್ರವೇಶಕ್ಕೆ ನಾಟ್ಸ್ ಕೌಂಟಿಯನ್ನು ಕರೆದು ಆಡಿಸಿದರು. ಪಂದ್ಯ 1-1 ಆಯಿತು. ಯುವೆಂಟಸ್ ಆ ಋತುವಿನಲ್ಲಿ ಇಟಲಿಯ ಚಾಂಪಿಯನ್ ಆಯಿತು. ನಾಟ್ಸ್ ಕೌಂಟಿ 2019ರಲ್ಲಿ ಆ 92ರ ಪಟ್ಟಿಯಿಂದಲೇ ಹೊರಬಿದ್ದು, ನಾಲ್ಕು ವರ್ಷ ಅಲೆದು 2023ರಲ್ಲಿ ಮರಳಿತು.

ಚರಿತ್ರೆ ಅನ್ನ ಹಾಕುವುದಿಲ್ಲ ಎಂಬುದಕ್ಕೆ ಬರಿ ಎಂಬ ಊರನ್ನು ನೋಡಬೇಕು. ಎಲ್ಲ ದರ್ಜೆಯವರೂ ಸೆಣಸುವ ಎಫ್‌ಎ ಕಪ್‌ನ 1903ರ ಫೈನಲ್‌ನಲ್ಲಿ ಬರಿ ತಂಡ ಡರ್ಬಿಯನ್ನು 6-0ಯಿಂದ ಹೊಡೆದದ್ದು ನೂರು ವರ್ಷ ದಾಟಿಯೂ ಉಳಿದ ದಾಖಲೆ. ಅದನ್ನು ಕೊನೆಗೂ ಸರಿಗಟ್ಟಿದ್ದು 2019ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿ. ಅದೇ ವರ್ಷ ಆಗಸ್ಟ್‌ನಲ್ಲಿ, ದುಡ್ಡಿನ ವ್ಯವಹಾರ ಸರಿಯಿಲ್ಲವೆಂದು ಬರಿಯನ್ನು ಲೀಗಿನಿಂದ ಹೊರಗೆ ಹಾಕಿದರು.

ಹಾಗಾದರೆ ಜನ? ಭಾವಮೈದನ ಎರಡನೇ ಅಸ್ತ್ರ ಇದೇ. 2018ರ ಡಿಸೆಂಬರ್ 26ರಂದು, ಕ್ರಿಸ್‌ಮಸ್‌ನ ಮಾರನೇ ದಿನ, ಸಂಡರ್‌ಲ್ಯಾಂಡ್ ತಂಡ ಬ್ರಾಡ್‌ಫರ್ಡ್ ಸಿಟಿಯ ಜೊತೆ ಆಡಿದ್ದನ್ನು ನೋಡಲು ಬಂದವರು 46,039 ಮಂದಿ. ಮೂರನೇ ದರ್ಜೆಯ ಪಂದ್ಯಕ್ಕೆ! ಆ ಚಳಿಗೆ ನಾನಾಗಿದ್ದರೆ ರಗ್ಗಿನೊಳಗಿಂದ ಮೂಗನ್ನೂ ಹೊರಹಾಕುತ್ತಿರಲಿಲ್ಲ. ಆ ಸ್ಟೇಡಿಯಂ ನಿಂತಿರುವುದು ಮುಚ್ಚಿಹೋದ ಕಲ್ಲಿದ್ದಲ ಗಣಿಯ ಜಾಗದಲ್ಲಿ. ಗಣಿ ಹೋಯಿತು, ಹಡಗು ಕಟ್ಟುವ ಕೆಲಸ ಹೋಯಿತು. ಶನಿವಾರ ಮಧ್ಯಾಹ್ನ ಊರೆಲ್ಲ ಒಟ್ಟಿಗೆ ಹೋಗಲು ಉಳಿದದ್ದು ಅದೊಂದೇ ಎಂದು ಅವನು ಹೇಳಿದಾಗ ನಾನು ತೆಂಗಿನ ಸಸಿಯ ಮಾತು ಎತ್ತಲಿಲ್ಲ.

ಇಂದು ಹಣದ ರಾಶಿಯ ಮೇಲೆ ಕೂತಿರುವ ಮ್ಯಾಂಚೆಸ್ಟರ್ ಸಿಟಿಯೂ 1998-99ರಲ್ಲಿ ಇದೇ ಮೂರನೇ ದರ್ಜೆಯಲ್ಲಿತ್ತು. ಆ ಡಿಸೆಂಬರ್‌ನಲ್ಲಿ ಯಾರ್ಕ್‌ಗೆ ಹೋಗಿ ಸೋತು ಬಂದಿತು. ಮನೆಯ ಮೈದಾನಕ್ಕೆ ಮಾತ್ರ ಸರಾಸರಿ 28,000 ಜನ ಬರುತ್ತಲೇ ಇದ್ದರು. ಪೋರ್ಟ್ಸ್‌ಮತ್‌ನದು ಇನ್ನೂ ದೊಡ್ಡ ಕಥೆ. 2008ರಲ್ಲಿ ಎಫ್‌ಎ ಕಪ್ ಗೆದ್ದವರು ಸಾಲದಲ್ಲಿ ಮುಳುಗಿ 2013ಕ್ಕೆ ನಾಲ್ಕನೇ ದರ್ಜೆ ಸೇರಿದ್ದರು. ಆಗ ಅಭಿಮಾನಿಗಳೇ ತಲೆಗೆ ಸಾವಿರ ಪೌಂಡಿನ ಷೇರು ಹಾಕಿ ಕ್ಲಬ್ಬನ್ನು ಕೊಂಡರು, ಆ ವರ್ಷ ಪಂದ್ಯಕ್ಕೆ ಹದಿನೈದು ಸಾವಿರ ಲೆಕ್ಕದಲ್ಲಿ ಬಂದು ಕೂತರು.

ಇಷ್ಟಾದರೂ ಜನವೇ ಅಳತೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಜನ ತಮ್ಮ ತಂಡದ ಬಗ್ಗೆ ಸಾಕ್ಷಿ ಹೇಳಿದರೆ ಅದು ಮನೆಯವರ ಸಾಕ್ಷಿ. ನಿಜ ತಿಳಿಯಬೇಕಾದರೆ ಎದುರು ಪಕ್ಷದ ಸಣ್ಣ ಊರಿಗೆ ಹೋಗಬೇಕು.

ಹೋಗಿದ್ದೇನೆ. ಒಬ್ಬರು ಅಡ್ಡಲಾಗಿ ತೂರಿದರೆ ಮಾತ್ರ ಹಿಡಿಸುವ ತಿರುಗುಣಿ ಗೇಟು, ಒಳಗೆ ಕಾಂಕ್ರೀಟಿನ ಮೆಟ್ಟಿಲು, ಮೇಲೆ ತಗಡು. ಚೆಂಡು ಜೋರಾಗಿ ಹೋದರೆ ತಗಡಿನ ಮೇಲಿಂದ ಹಾರಿ ಯಾರದೋ ಹಿತ್ತಲಿಗೆ ಬೀಳುತ್ತದೆ, ಆಟಗಾರರಿಗಿಂತ ಮೊದಲು ನಾಯಿ ಅದನ್ನು ಮುಟ್ಟುತ್ತದೆ. ಅರ್ಧ ಆಟ ಮುಗಿದಾಗ ಎಲ್ಲರೂ ಕಪ್ಪಗೆ ಹೊಗೆಯಾಡುವುದೇನನ್ನೋ ಕುಡಿಯುತ್ತಿದ್ದರು. ಕಾಫಿಯ ಆಸೆಗೆ ನಾನೂ ಕೈಚಾಚುವಷ್ಟರಲ್ಲಿ ಭಾವಮೈದ ಅಡ್ಡಬಂದ. ಅದು ಬೋವ್ರಿಲ್, ದನದ ಮಾಂಸದ ಸಾರ. ಕೊನೆಗೆ ಚಿಪ್ಸ್ ತಿಂದು ಮಾನ ಉಳಿಸಿಕೊಂಡೆ. ಇಂಥ ಮೈದಾನಗಳನ್ನು ಕಂಡು ಮೂಗುಮುರಿಯುವವರಿಗೆ ಒಂದು ಮಾತು: ಸ್ವತಂತ್ರ ಭಾರತ 1948ರ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದ್ದು ಲಂಡನ್ನಿನ ಪೂರ್ವದಂಚಿನ ಇಲ್ಫರ್ಡ್‌ನಲ್ಲಿ. ನಮ್ಮವರು ಬಹುಪಾಲು ಬರಿಗಾಲಲ್ಲಿ ಆಡಿ 1-2ರಿಂದ ಸೋತರು, ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡರು. ಆ ಒಂದು ಗೋಲು ಬೆಂಗಳೂರು ಕಡೆಯ ಸಾರಂಗಪಾಣಿ ರಾಮನ್ ಅವರದು.

ಸಣ್ಣ ಊರಿನ ವಿಷಯಕ್ಕೆ ಬರೋಣ. ಆಕ್ರಿಂಗ್ಟನ್ ಸ್ಟಾನ್ಲಿ ಎಂಬ ಕ್ಲಬ್ಬನ್ನು ಇಂಗ್ಲೆಂಡಿನಲ್ಲಿ ಮಕ್ಕಳಿಗೂ ಪರಿಚಯಿಸಿದ್ದು ಅದರ ಆಟವಲ್ಲ, ಹಾಲಿನ ಜಾಹೀರಾತು. ಹಾಲು ಕುಡಿಯದಿದ್ದರೆ ಆಕ್ರಿಂಗ್ಟನ್ ಸ್ಟಾನ್ಲಿಗೆ ಆಡುವುದಕ್ಕಷ್ಟೇ ಲಾಯಕ್ಕಾಗುತ್ತೀಯ ಎಂದು ಅದರಲ್ಲೊಬ್ಬ ಹುಡುಗ ಹೇಳಿದರೆ, ಇನ್ನೊಬ್ಬ ಅವರು ಯಾರು ಎಂದು ಕೇಳುತ್ತಾನೆ. ಅದೇ ಆಕ್ರಿಂಗ್ಟನ್ 2018ರಲ್ಲಿ ಮೇಲೇರಿ ಬಂದು ಸಂಡರ್‌ಲ್ಯಾಂಡ್‌ನ ಪಂಕ್ತಿಯಲ್ಲೇ ಕೂತಿತು. ಸಂಡರ್‌ಲ್ಯಾಂಡ್‌ನವರು ಆ ಕ್ರಿಸ್‌ಮಸ್‌ನ ಮಾರನೇ ದಿನ ಸೇರಿಸಿದ ಜನ ಆಕ್ರಿಂಗ್ಟನ್ ಊರಿನ ಜನಸಂಖ್ಯೆಗಿಂತ ಹೆಚ್ಚು! ಆಗ ಇಂಥ ಊರಿನಲ್ಲಿ ಹೊಸ ಋತುವಿನ ವೇಳಾಪಟ್ಟಿ ಬಂದ ದಿನ ಮೊದಲು ಹುಡುಕುತ್ತಿದ್ದದ್ದು ಒಂದನ್ನೇ: ಸಂಡರ್‌ಲ್ಯಾಂಡ್ ಯಾವತ್ತು ಬರುತ್ತದೆ? ಆ ದಿನ ಟಿಕೆಟ್ಟಿಗೆ ಪರದಾಟ, ಪಬ್ಬುಗಳಿಗೆ ಸುಗ್ಗಿ, ಹೆಚ್ಚುವರಿ ಪೊಲೀಸರು. ಉಳಿದ ಶನಿವಾರಗಳಲ್ಲಿ ಮಾಮೂಲಿ ಆಡುವ ಹುಡುಗರು ಆ ದಿನ ಮೈಮೇಲೆ ಬಂದವರಂತೆ ಓಡುತ್ತಿದ್ದರು. ಗೆದ್ದರೆ ಮೊಮ್ಮಕ್ಕಳ ಕಾಲದವರೆಗೂ ಮಾತು.

ನನ್ನ ಪ್ರಕಾರ ಅಳತೆಗೋಲು ಇದು. ನೀವು ಸೋತಾಗ ಎದುರಿನ ಊರಿಗೆ ಹಬ್ಬವಾದರೆ ನಿಮ್ಮದು ದೊಡ್ಡ ಕ್ಲಬ್ಬು. ಬಿರುದು ಕೊಡುವವರು ಸಣ್ಣವರು, ನೀವಾಗಿ ಹೇಳಿಕೊಂಡರೆ ಅದು ಲೆಕ್ಕಕ್ಕಿಲ್ಲ. 2025ರ ಆಗಸ್ಟ್‌ನಲ್ಲಿ ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ ಟೌನ್ ಲೀಗ್ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಪೆನಾಲ್ಟಿಯಲ್ಲಿ 12-11ರಿಂದ ಕೆಡವಿದಾಗ ನೋಡಬೇಕಿತ್ತು. ಅಭಿಮಾನಿಗಳು ಗಾಳಿ ತುಂಬಿದ ಪ್ಲಾಸ್ಟಿಕ್ ಮೀನು ಹಿಡಿದು ಕುಣಿಯುವ ಮೀನುಗಾರರ ಊರು ಅದು. ಯುನೈಟೆಡ್‌ನ ದೊಡ್ಡಸ್ತಿಕೆಗೆ ಅದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಆ ವರ್ಷ ಸಿಕ್ಕಿರಲಾರದು.

ದುಡ್ಡು ಕೊಟ್ಟು ಈ ಬಿರುದನ್ನು ಕೊಳ್ಳಲು ಬರುತ್ತದೆಯೇ? ವೇಲ್ಸ್‌ನ ರೆಕ್ಸಮ್ ಕ್ಲಬ್ಬನ್ನು 2021ರಲ್ಲಿ ಹಾಲಿವುಡ್‌ನ ರಯಾನ್ ರೆನಾಲ್ಡ್ಸ್ ಮತ್ತು ರಾಬ್ ಮ್ಯಾಕೆಲ್‌ಹೆನಿ ಕೊಂಡರು. ಐದನೇ ದರ್ಜೆಯಲ್ಲಿ ಕೊಳೆಯುತ್ತಿದ್ದ ತಂಡ 2023, 2024, 2025ರಲ್ಲಿ ಒಂದೊಂದೇ ಮೆಟ್ಟಿಲು ಹತ್ತಿತು. ಈಗ ಎಲ್ಲ ಸಣ್ಣ ತಂಡಗಳಿಗೂ ರೆಕ್ಸಮ್ ಅನ್ನು ಸೋಲಿಸುವ ತವಕ. ಅಂದರೆ ಬಿರುದು ಸಿಕ್ಕಿತು. ಆದರೆ 1864ರ ಆ ಕ್ಲಬ್ಬು ಸಿನಿಮಾದವರು ಬರುವ ಮೊದಲೇ 1992ರಲ್ಲಿ ಚಾಂಪಿಯನ್ ಆರ್ಸೆನಲ್ ತಂಡವನ್ನು ಎಫ್‌ಎ ಕಪ್‌ನಲ್ಲಿ ಮಣ್ಣುಮುಕ್ಕಿಸಿತ್ತು. ಫಾರೆಸ್ಟ್ ಗ್ರೀನ್ ರೋವರ್ಸ್‌ನವರಿಗೂ ಹಣವಂತ ಮಾಲೀಕ ಸಿಕ್ಕಿದ್ದ. ಆರು ಸಾವಿರದಷ್ಟು ಜನರ ಊರಿನ ಆ ಕ್ಲಬ್ಬು 2022ರಲ್ಲಿ ಲೀಗ್ ಒನ್‌ವರೆಗೂ ಏರಿತ್ತು. ಅಲ್ಲಿ ಮಾಂಸವಿರಲಿ, ಹಾಲೂ ಇಲ್ಲ, ಪೂರ್ತಿ ವೀಗನ್. ನನಗೆ ಅನುಕೂಲವಾದ ಮೈದಾನ. ಆದರೂ ಯಾರೂ ಅದನ್ನು ದೊಡ್ಡದು ಎನ್ನಲಿಲ್ಲ, ಸೋಲಿಸಿದವರು ಹಬ್ಬ ಮಾಡಲಿಲ್ಲ.

ನನ್ನ ಅಳತೆಗೋಲಿನಲ್ಲಿ ಒಂದು ತಮಾಷೆಯಿದೆ. ಸಂಡರ್‌ಲ್ಯಾಂಡ್ ನಾಲ್ಕು ವರ್ಷ ಲೀಗ್ ಒನ್‌ನಲ್ಲಿ ಬೆವರಿಳಿಸಿ, 2022ರಲ್ಲಿ ಚಾಂಪಿಯನ್‌ಶಿಪ್‌ಗೂ 2025ರಲ್ಲಿ ಪ್ರೀಮಿಯರ್ ಲೀಗಿಗೂ ಮರಳಿತು. ಭಾವಮೈದನನ್ನು ಅಭಿನಂದಿಸಲು ಫೋನ್ ಮಾಡುವಾಗ ನನಗೆ ಹೊಳೆದದ್ದು ಇದು: ಕೆಳಗಿದ್ದಾಗ ಊರೂರಲ್ಲೂ ಅವರೇ ದೊಡ್ಡವರು. ಈಗ ಲಿವರ್‌ಪೂಲ್‌ಗೆ ಅವರನ್ನು ಸೋಲಿಸುವುದು ಒಂದು ಮಾಮೂಲಿ ಶನಿವಾರದ ಕೆಲಸ. ದೊಡ್ಡ ಕ್ಲಬ್ಬು ಎನಿಸಿಕೊಳ್ಳಬೇಕಾದರೆ ಕೆಳಗೇ ಇರಬೇಕು.

ನೀವು ಆ ಕಡೆ ಹೋಗುವುದಿದ್ದರೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್ ಮೈದಾನದ ಟಿಕೆಟ್ಟಿಗೆ ಇಲ್ಲಿಂದಲೇ ಪರದಾಡಬೇಡಿ. ಶನಿವಾರ ಮಧ್ಯಾಹ್ನ ಮೂರಕ್ಕೆ, ನಾಲ್ಕನೇ ದರ್ಜೆಯ ಯಾವುದಾದರೂ ಸಣ್ಣ ಊರಿನ ಗೇಟಿಗೆ ಹೋಗಿ ನಿಲ್ಲಿ. ಬೆಚ್ಚನೆಯ ಸಾಕ್ಸ್ ಇರಲಿ, ಕಪ್ಪಗೆ ಹೊಗೆಯಾಡುವುದನ್ನು ವಿಚಾರಿಸದೆ ಕುಡಿಯಬೇಡಿ. ಪಕ್ಕದವರನ್ನು ಏನು ಬೇಕಾದರೂ ಕೇಳಿ, ಅವರ ಕ್ಲಬ್ಬು ದೊಡ್ಡದೇ ಎಂದು ಮಾತ್ರ ಕೇಳಬೇಡಿ.