ತಾರೀಖಿನ ತಕರಾರು

ನಮ್ಮ ಹಿಂದಿನ ತಲೆಮಾರಿನ ಅರ್ಧಕ್ಕರ್ಧ ಜನ ಹುಟ್ಟಿದ್ದು ಜೂನ್ 1ರಂದು. ಶಾಲೆಗೆ ಸೇರಿಸಲು ಅಜ್ಜ ಕೈಹಿಡಿದು ಕರೆದುಕೊಂಡು ಹೋದಾಗ ಹೆಡ್‌ಮಾಸ್ಟರು "ಹುಡುಗ ಹುಟ್ಟಿದ್ದು ಯಾವಾಗ?" ಎನ್ನುವರು. "ಕೆರೆ ಕೋಡಿ ಬಿತ್ತಲ್ಲ ಸ್ವಾಮಿ, ಅದರ ಹಿಂದಿನ ಮಾರ್ನಮಿಗೆ" ಎಂದು ಅಜ್ಜ. ಹೆಡ್‌ಮಾಸ್ಟರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಎಡಗಿವಿಗೆ ಮುಟ್ಟಿಸಿ, ಮುಟ್ಟಿದರೆ ವಯಸ್ಸಾಯಿತೆಂದು ತೀರ್ಮಾನಿಸಿ, ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆದುಬಿಡುವರು. ಶಾಲೆ ಶುರುವಾಗುವ ಹೊತ್ತು, ಲೆಕ್ಕಕ್ಕೂ ಸಲೀಸು. ನಮ್ಮ ದೊಡ್ಡಪ್ಪ ಆ ತಾರೀಖನ್ನೇ ನಂಬಿ ನೌಕರಿಗೆ ಸೇರಿದರು, ಅದನ್ನೇ ನಂಬಿ ರಿಟೈರಾದರು. ಮನೆಯಲ್ಲಿ ಮಾತ್ರ ದೊಡ್ಡಮ್ಮ ಪಾಯಸ ಮಾಡುತ್ತಿದ್ದದ್ದು ಆಶ್ವೀಜದಲ್ಲಿ. ಯಾವುದು ನಿಜ ಎಂದು ಕೇಳಿದರೆ, "ಪಿಂಚಣಿಗೆ ಅದು, ಪಾಯಸಕ್ಕೆ ಇದು" ಎನ್ನುತ್ತಿದ್ದರು.

ದೇಶಗಳ ಹುಟ್ಟುಹಬ್ಬ ಬರೆದವರೂ ಇಂಥ ಹೆಡ್‌ಮಾಸ್ಟರುಗಳೇ. 1948ರ ಜೂನ್ ಒಳಗೆ ಭಾರತ ಬಿಟ್ಟು ಹೋಗುತ್ತೇವೆ ಎಂದು ಬ್ರಿಟಿಷ್ ಸರ್ಕಾರ ಹೇಳಿತ್ತು. ಮೌಂಟ್‌ಬ್ಯಾಟನ್ ಬಂದರು, ಅವಸರಪಟ್ಟರು, 1947ರ ಜೂನ್ 4ರಂದು ಪತ್ರಕರ್ತರ ಮುಂದೆ ಆಗಸ್ಟ್ 15 ಎಂದುಬಿಟ್ಟರು. ಅವರಿಗೆ ಆ ತಾರೀಖಿನ ಮೇಲೆ ಮೋಹ. ಎರಡು ವರ್ಷದ ಹಿಂದೆ ಅದೇ ದಿನ ಜಪಾನ್ ಶರಣಾಗಿತ್ತು, ಆಗ ಆಗ್ನೇಯ ಏಷ್ಯಾದ ಸೇನೆಗೆ ಇವರೇ ದಂಡನಾಯಕರು. ದಿನ ಚೆನ್ನಾಗಿಲ್ಲ ಎಂದು ಜ್ಯೋತಿಷಿಗಳು ಗೊಣಗಿದರಂತೆ. ನಡುರಾತ್ರಿಗೆ ಸಭೆ ಸೇರಿಸಿದ್ದರಿಂದ ಅವರಿಗೂ ಮೌಂಟ್‌ಬ್ಯಾಟನ್ನರಿಗೂ ಸಮಾಧಾನವಾಯಿತೆಂದು ಕತೆ. ಪಕ್ಕದ ಪಾಕಿಸ್ತಾನ 1948ರಲ್ಲಿ ಹೊರಡಿಸಿದ ಅಂಚೆಚೀಟಿಗಳ ಮೇಲೆ ಆಗಸ್ಟ್ 15 ಎಂದೇ ಅಚ್ಚಾಗಿದೆ. ಆಮೇಲೆ ಅವರು ಹಬ್ಬವನ್ನು ಒಂದು ದಿನ ಹಿಂದಕ್ಕೆ ಎಳೆದುಕೊಂಡರು. ಭೂಮಿಯೇನೂ ಬಾಯಿ ಬಿಡಲಿಲ್ಲ.

ಆಗಸ್ಟ್ 15ಕ್ಕಿಂತ ಮುಂಚೆ ನಮಗೆ ಇನ್ನೊಂದು ಸ್ವಾತಂತ್ರ್ಯ ದಿನ ಇತ್ತೆಂಬುದು ಮಕ್ಕಳಿಗೆ ಕೊಡುವ ಕ್ವಿಜ್ ಪುಸ್ತಕದಲ್ಲಷ್ಟೇ ಉಳಿದಿದೆ. 1929ರ ಡಿಸೆಂಬರಿನಲ್ಲಿ ಲಾಹೋರಿನ ಕಾಂಗ್ರೆಸ್ಸು ಪೂರ್ಣ ಸ್ವರಾಜ್ಯದ ಠರಾವು ಮಾಡಿತು. ಅದರಂತೆ ಮುಂದಿನ ಜನವರಿಯ ಕೊನೆಯ ಭಾನುವಾರ ಊರೂರಲ್ಲಿ ಪ್ರತಿಜ್ಞೆ ನಡೆಯಬೇಕೆಂದಾಯಿತು. 1930ರಲ್ಲಿ ಆ ಭಾನುವಾರ 26ನೇ ತಾರೀಖಿಗೆ ಬಿದ್ದಿತ್ತು. ಅಲ್ಲಿಂದ ವರ್ಷ ವರ್ಷ ಜನ ಬಾವುಟ ಹಿಡಿದು ಲಾಠಿ ತಿಂದದ್ದು ಜನವರಿ 26ಕ್ಕೆ. ಅಷ್ಟು ಏಟು ತಿಂದ ತಾರೀಖು ಆಗಸ್ಟ್ 15 ಬಂದ ಮೇಲೆ ನಿರುದ್ಯೋಗಿಯಾಯಿತು. ಅದನ್ನು ಹಾಗೆ ಬಿಡಲು ಹಿರಿಯರಿಗೆ ಮನಸ್ಸಾಗಲಿಲ್ಲ. ಸಂವಿಧಾನಕ್ಕೆ 1949ರ ನವೆಂಬರ್ 26ರಂದೇ ಒಪ್ಪಿಗೆ ಸಿಕ್ಕಿದ್ದರೂ ಎರಡು ತಿಂಗಳು ಕಾದು ಜನವರಿ 26ಕ್ಕೆ ಜಾರಿ ಮಾಡಿದರು. ನನಗೆ ಈ ಕಾಯುವಿಕೆಯ ಮೇಲೆ ತುಂಬ ಗೌರವ. ಸರ್ಕಾರಿ ಕಡತ ನಮ್ಮ ದೇಶದಲ್ಲಿ ಎರಡು ತಿಂಗಳು ಕಾದದ್ದಕ್ಕೆ ಒಳ್ಳೆಯ ಕಾರಣವಿದ್ದ ಅಪರೂಪದ ಪ್ರಸಂಗ ಅದು.

ಇದೇ ಜನವರಿ 26 ಆಸ್ಟ್ರೇಲಿಯಾಕ್ಕೂ ರಾಷ್ಟ್ರೀಯ ಹಬ್ಬ. ಅಲ್ಲಿ ಮಾತ್ರ ಪ್ರತಿ ಜನವರಿಯಲ್ಲೂ ತಕರಾರು: ಈ ತಾರೀಖು ಇರಬೇಕೆ, ಬದಲಾಗಬೇಕೆ? ನಮ್ಮ ಅಕ್ಕನ ಮಗ ಮೆಲ್ಬರ್ನಿನಲ್ಲಿದ್ದಾನೆ. ಅವನಿಗೆ ಆ ದೇಶದ ಪೌರತ್ವ ಸಿಕ್ಕಿದ್ದೂ ಒಂದು ಜನವರಿ 26ರಂದು, ನಾನೂ ನನ್ನ ಹೆಂಡತಿಯೂ ಅವನ ಮನೆಯಲ್ಲಿದ್ದಾಗ. ಬೆಳಿಗ್ಗೆ ಕನ್ನಡದ ಗೆಳೆಯರೆಲ್ಲ ಒಬ್ಬರ ಹಿತ್ತಿಲಲ್ಲಿ ಸೇರಿ ತ್ರಿವರ್ಣ ಧ್ವಜ ಹಾರಿಸಿದರು. ಮೆಲ್ಬರ್ನಿನ ಗಡಿಯಾರ ಆ ಕಾಲದಲ್ಲಿ ನಮ್ಮದಕ್ಕಿಂತ ಐದೂವರೆ ಗಂಟೆ ಮುಂದು. ದೆಹಲಿಯಲ್ಲಿ ರಾಷ್ಟ್ರಪತಿಗಳು ಇನ್ನೂ ಮಲಗಿರುವಾಗಲೇ ನಾವು ಜನಗಣಮನ ಹಾಡಿ, ಉಪ್ಪಿಟ್ಟು ಕೇಸರಿಬಾತು ತಿಂದು ಮುಗಿಸಿದ್ದೆವು. ಮಧ್ಯಾಹ್ನ ಅದೇ ಹುಡುಗ ಕೋಟು ಹಾಕಿಕೊಂಡು ಕೌನ್ಸಿಲ್ ಹಾಲಿನಲ್ಲಿ ಆಸ್ಟ್ರೇಲಿಯಾಕ್ಕೆ ನಿಷ್ಠೆಯ ಪ್ರತಿಜ್ಞೆ ಮಾಡಿದ. ಎರಡು ದೇಶದ ಪೌರತ್ವ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲವಾದ್ದರಿಂದ, ಗಣರಾಜ್ಯೋತ್ಸವದ ದಿನವೇ ಗಣರಾಜ್ಯಕ್ಕೆ ಒಬ್ಬ ಪ್ರಜೆ ಕಡಿಮೆಯಾದ. "ಬೇರೆ ದಿನ ಸಿಗಲಿಲ್ವೇನೋ?" ಎಂದೆ. "ಕೌನ್ಸಿಲ್‌ನವರು ಕೊಟ್ಟ ತಾರೀಖು ಮಾವ, ನಂದೇನಿದೆ" ಎಂದ.

ಸಮಾರಂಭದಲ್ಲಿ ಪ್ರಮಾಣಪತ್ರದ ಜೊತೆ ಅಲ್ಲಿಯದೇ ಜಾತಿಯ ಒಂದು ಗಿಡವನ್ನು ಪುಟ್ಟ ಪ್ಲಾಸ್ಟಿಕ್ ಕುಂಡದಲ್ಲಿ ಕೊಟ್ಟರು. ಲ್ಯಾಮಿಂಗ್ಟನ್ ಎಂಬ ಚಾಕಲೇಟ್ ಕೇಕಿನ ಚೌಕಗಳನ್ನು ಹಂಚಿದರು. ಅದಕ್ಕೆ ಮೈತುಂಬ ಒಣಕೊಬ್ಬರಿ ಮೆತ್ತಿರುತ್ತದೆ. ನಮ್ಮಾಕೆಗೆ ಕೊಬ್ಬರಿ ಕಂಡು ಆಸ್ಟ್ರೇಲಿಯಾದ ಮೇಲೆ ಅಲ್ಲೇ ವಿಶ್ವಾಸ ಹುಟ್ಟಿತು. ನನಗೆ ನೆನಪಿನಲ್ಲಿ ಉಳಿದದ್ದು ಮೇಯರ್ ಆಡಿದ ಮೊದಲ ಮಾತು. ಈ ನೆಲದ ಪರಂಪರಾಗತ ಒಡೆಯರಿಗೆ, ಅವರ ಹಿರಿಯರಿಗೆ ಗೌರವ ಸಲ್ಲಿಸುತ್ತೇವೆ ಎಂದರು. ಅಲ್ಲಿ ಯಾವ ಸಭೆಯೂ ಈ ಮಾತಿನಿಂದಲೇ ಶುರು, ನಮ್ಮಲ್ಲಿ ಪ್ರಾರ್ಥನೆ ಇದ್ದ ಹಾಗೆ. ಒಡೆಯರು ಯಾರೆಂದು ಒಪ್ಪಿಕೊಂಡದ್ದಾಯಿತು. ಅವರ ಒಡೆತನ ಕೈತಪ್ಪಲು ಶುರುವಾದ ದಿನವೇ ಕೇಕು ಹಂಚುವುದು ಯಾವ ಲೆಕ್ಕ?

ಆ ದಿನದ ಕತೆ ಇಷ್ಟು. 1787ರ ಮೇ ತಿಂಗಳಲ್ಲಿ ಇಂಗ್ಲೆಂಡಿನಿಂದ 11 ಹಡಗು ಹೊರಟವು. ಅದರಲ್ಲಿ 700ಕ್ಕೂ ಹೆಚ್ಚು ಮಂದಿ ಕೈದಿಗಳು. ಮರುವರ್ಷ ಜನವರಿ 18ರಿಂದ 20ರೊಳಗೆ ಬಾಟನಿ ಬೇ ಮುಟ್ಟಿದರು. ಅಲ್ಲಿ ಸಿಹಿನೀರು ಸಾಲದು, ಹಡಗು ನಿಲ್ಲಿಸಲೂ ಚೆನ್ನಾಗಿಲ್ಲ. ನಾಯಕ ಆರ್ಥರ್ ಫಿಲಿಪ್ ಉತ್ತರಕ್ಕೆ ಸರಿದು 26ರಂದು ಸಿಡ್ನಿ ಕೋವ್‌ನಲ್ಲಿ ಬಾವುಟ ನೆಟ್ಟ. ವಸಾಹತನ್ನು ಕಾಯಿದೆ ಪ್ರಕಾರ ಘೋಷಿಸಿದ್ದು ಫೆಬ್ರವರಿ 7ಕ್ಕೆ. ಅಂದರೆ ಬಂದ ದಿನ ಬೇರೆ, ಘೋಷಿಸಿದ ದಿನ ಬೇರೆ. ನಡುವೆ ಜಾಗ ಬದಲಿಸಿದ ದಿನ ಹಬ್ಬವಾಯಿತು. ಗ್ಯಾಡಿಗಲ್ ಎಂಬ ಮೂಲನಿವಾಸಿ ಜನ ಆ ದಡದಲ್ಲಿ ಎಷ್ಟೋ ಸಾವಿರ ವರ್ಷದಿಂದ ಇದ್ದರು. ಅವರನ್ನು ಯಾರೂ ಕೇಳಲಿಲ್ಲ.

1938ರಲ್ಲಿ 150ನೇ ವರ್ಷದ ಮೆರವಣಿಗೆ ಸಿಡ್ನಿಯ ಬೀದಿಯಲ್ಲಿ ಹೋದ ದಿನವೇ ಮೂಲನಿವಾಸಿಗಳು ಅಲ್ಲೇ ಒಂದು ಸಭಾಂಗಣದಲ್ಲಿ ಸೇರಿ ಅದನ್ನು ಶೋಕದ ದಿನ ಎಂದು ಆಚರಿಸಿದರು. ಕಪ್ಪು ಸೂಟು ತೊಟ್ಟು ಶಿಸ್ತಾಗಿ ನಿಂತ ಅವರ ಚಿತ್ರ ಇವತ್ತಿಗೂ ಇದೆ. ಕೇಳಿದ್ದು ಪೌರತ್ವ, ಸಮಾನತೆ. 1972ರ ಜನವರಿ 26ಕ್ಕೆ ಕ್ಯಾನ್‌ಬೆರಾದ ಪಾರ್ಲಿಮೆಂಟಿನ ಎದುರು ಕೆಲವರು ಬೀಚಿನ ಕೊಡೆಯೊಂದನ್ನು ನೆಟ್ಟು, ಇದೇ ನಮ್ಮ ರಾಯಭಾರ ಕಚೇರಿ ಎಂದರು. ನಮ್ಮ ನೆಲದಲ್ಲೇ ನಾವು ಪರದೇಶಿಗಳು ಎಂಬುದನ್ನು ಇದಕ್ಕಿಂತ ಚುರುಕಾಗಿ ಹೇಳಲು ಯಾವ ಹಾಸ್ಯಗಾರನಿಗೂ ಆಗದು.

ತಾರೀಖು ಬದಲಿಸಬಾರದು ಎನ್ನುವವರ ಮುಖ್ಯ ವಾದ ಸಂಪ್ರದಾಯ. ಇದನ್ನು ಕೇಳಿದರೆ ನನಗೆ ನಗು. 1915ರಲ್ಲಿ, ಯುದ್ಧದಲ್ಲಿ ಗಾಯಗೊಂಡವರಿಗೆ ಹಣ ಎತ್ತಲು, ಆಸ್ಟ್ರೇಲಿಯಾ ದಿನ ಎಂದು ಆಚರಿಸಿದ್ದು ಜುಲೈ 30ಕ್ಕೆ. ಬಹಳ ವರ್ಷ ಆಸುಪಾಸಿನ ಸೋಮವಾರಕ್ಕೆ ರಜೆ ಹೊಂದಿಸಿ ಮೂರು ದಿನ ಸಮುದ್ರತೀರಕ್ಕೆ ಹೋಗುತ್ತಿದ್ದರು. ಎಲ್ಲ ರಾಜ್ಯಗಳೂ 26ಕ್ಕೇ ರಜೆ ಕೊಡತೊಡಗಿದ್ದು 1994ರಿಂದ. ಸಚಿನ್ ತೆಂಡೂಲ್ಕರನ ಟೆಸ್ಟ್ ಕ್ರಿಕೆಟ್ಟಿಗಿಂತ ಚಿಕ್ಕ ವಯಸ್ಸಿನ ಸಂಪ್ರದಾಯ. ಇನ್ನು ಅವರ ರಾಜನ ಹುಟ್ಟುಹಬ್ಬ: ಮೂರನೆಯ ಚಾರ್ಲ್ಸ್ ಹುಟ್ಟಿದ್ದು ನವೆಂಬರ್ 14ಕ್ಕೆ, ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ರಜೆ ಜೂನ್‌ನಲ್ಲಿ, ಕ್ವೀನ್ಸ್‌ಲ್ಯಾಂಡಿನಲ್ಲಿ ಅಕ್ಟೋಬರಿಗೆ. ಪಶ್ಚಿಮ ಆಸ್ಟ್ರೇಲಿಯಾದವರಂತೂ ತಮ್ಮ ರಾಜ್ಯ ಸ್ಥಾಪನೆಯಾದದ್ದು 1829ರ ಜೂನ್ 1 ಎಂದು ಲೆಕ್ಕ ಹಿಡಿಯುತ್ತಾರೆ. ನಮ್ಮ ಹೆಡ್‌ಮಾಸ್ಟರು ಅಲ್ಲಿಗೂ ಹೋಗಿ ಬಂದಿರಬೇಕು.

ಬದಲಿಸುವುದಾದರೆ ಯಾವ ದಿನಕ್ಕೆ? ಇಲ್ಲಿ ಬದಲಿಸಬೇಕೆನ್ನುವವರೂ ತಡವರಿಸುತ್ತಾರೆ. ಆರು ವಸಾಹತುಗಳು ಕೂಡಿ ಒಂದು ದೇಶವಾದದ್ದು 1901ರ ಜನವರಿ 1ಕ್ಕೆ. ನ್ಯಾಯವಾಗಿ ಅದೇ ಹಬ್ಬವಾಗಬೇಕು. ಆದರೆ ಅದು ಆಗಲೇ ಹೊಸವರ್ಷದ ರಜೆ; ಎರಡು ಹಬ್ಬ ಒಂದೇ ದಿನ ಬಂದು ಒಂದು ರಜೆ ಮುಳುಗುತ್ತದೆ. ಇದಕ್ಕೆ ಯಾವ ದೇಶದ ನೌಕರವರ್ಗವೂ ಒಪ್ಪುವುದಿಲ್ಲ.

ಒಮ್ಮತದ ತಾರೀಖು ಸಿಗಲಿ ಆಮೇಲೆ ನೋಡೋಣ ಎನ್ನುವವರು ಒಮ್ಮೆ ನಮ್ಮ ಕಡೆ ಬರಬೇಕು. ಊರಿಗೆಲ್ಲ ಕೃಷ್ಣ ಹುಟ್ಟಿ ತಿಂಗಳಾದ ಮೇಲೆ ಉಡುಪಿಯಲ್ಲಿ ಸೌರಮಾನದ ಲೆಕ್ಕಕ್ಕೆ ಮತ್ತೊಮ್ಮೆ ಹುಟ್ಟುವ ವರ್ಷಗಳುಂಟು. ನಮಗೆ ಯುಗಾದಿಯಾದರೆ ತುಳುನಾಡಿಗೆ ಬಿಸು ಪರ್ಬ. ಕರಾವಳಿಯ ಮುಸಲ್ಮಾನರು ಕೇರಳದಲ್ಲಿ ಕಂಡ ಚಂದ್ರನನ್ನು ನಂಬಿ ಎಷ್ಟೋ ಸಲ ಬೆಂಗಳೂರಿಗಿಂತ ಒಂದು ದಿನ ಮೊದಲೇ ಈದ್ ಮಾಡುತ್ತಾರೆ. ಏಕಾದಶಿಯಲ್ಲಿ ಸ್ಮಾರ್ತರದು, ವೈಷ್ಣವರದು ಎಂದು ಎರಡು. ಒಂದೇ ವಠಾರದಲ್ಲಿ ಈ ಮನೆಯವರು ಪಾರಣೆಗೆ ಕೂತರೆ ಆ ಮನೆಯವರು ಉಪವಾಸ. ಯಾರೂ ಯಾರ ಎಲೆಯ ಮೇಲೂ ಕಣ್ಣು ಹಾಕುವುದಿಲ್ಲ; ಹಾಕಿದರೂ ಹೇಳುವುದಿಲ್ಲ.

ಆದ್ದರಿಂದ ತಾರೀಖು ಬದಲಾಗಲಿ ಎಂದೇ ನನ್ನ ಮತ. ಇದನ್ನು ಹೇಳಿದಾಗ ಅಕ್ಕನ ಮಗ ತಲೆ ಕೆರೆದುಕೊಂಡ. ಅಡಿಲೇಡಿನಲ್ಲಿ ಕೊಹ್ಲಿ ಮೊದಲ ಟೆಸ್ಟ್ ಶತಕ ಹೊಡೆದದ್ದು, ನಮ್ಮ ದ್ರಾವಿಡ್ ಕೊನೆಯ ಟೆಸ್ಟ್ ಆಡುತ್ತಿದ್ದದ್ದು 2012ರ ಜನವರಿ 26ಕ್ಕೇ, ಆ ದಿನ ಹೇಗೆ ಬಿಡುವುದು ಎಂದ. ಆ ದಿನ ಎಲ್ಲಿಗೂ ಹೋಗುವುದಿಲ್ಲ ಎಂದೆ. ಕ್ರಿಕೆಟ್ಟಿಗೂ ಇರಲಿ, ಶೋಕಕ್ಕೂ ಇರಲಿ. ಕೇಕಿಗೆ ಇನ್ನೊಂದು ದಿನ ನೋಡಿಕೊಳ್ಳಲಿ.

ಕಷ್ಟವೇನೂ ಇಲ್ಲ. 26 ಶನಿವಾರವೋ ಭಾನುವಾರವೋ ಬಿದ್ದರೆ ಅವರು ಈಗಲೂ ಸೋಮವಾರ ರಜೆ ಕೊಡುತ್ತಾರೆ. 2025ರಲ್ಲಿ ಭಾನುವಾರ ಬಂತು, 27ಕ್ಕೆ ಕೊಟ್ಟರು. ನಿದ್ದೆಗೋಸ್ಕರ ಒಂದು ದಿನ ಸರಿಯುವ ರಜೆ, ಒಂದು ಜನಾಂಗದ ಸಂಕಟಕ್ಕೋಸ್ಕರ ನಾಲ್ಕು ದಿನ ಸರಿಯಲಾರದೆ? ನಮ್ಮಲ್ಲಿ ಗಣರಾಜ್ಯೋತ್ಸವ ಭಾನುವಾರ ಬಂದರೆ ರಜೆ ಹೋಯಿತೆಂದೇ ಲೆಕ್ಕ. ಮುಂದೆ ಹಾಗೆ ಬೀಳುವುದು 2031ರಲ್ಲಿ. ಅಷ್ಟರೊಳಗೆ ಅವರು ತಾರೀಖಿನ ವಿಚಾರ ಇತ್ಯರ್ಥ ಮಾಡಿಕೊಳ್ಳಲಿ. ನಮ್ಮ ಸರ್ಕಾರ ಸೋಮವಾರದ ವಿಚಾರವನ್ನು ಪರಿಶೀಲಿಸಬೇಕಾಗಿ ವಿನಂತಿ.