ತಿದ್ದಿಕೊಳ್ಳುವವರೆಗೂ ಒಳಗಿಡಬೇಕೆನ್ನುವ ಮಾನ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ಅನಿಶ್ಚಿತಾವಧಿ ಶಿಕ್ಷೆಯನ್ನು, ಎಂದರೆ ಬಿಡುಗಡೆಯ ದಿನವನ್ನು ನ್ಯಾಯಾಲಯವು ಗೊತ್ತುಮಾಡದೆ, ಕೈದಿಯಿಂದ ಇನ್ನು ಅಪಾಯವಿಲ್ಲವೆಂದು ಅಧಿಕಾರಿಗಳಿಗೆ ಮನವರಿಕೆಯಾಗುವವರೆಗೂ ಅವನನ್ನು ಒಳಗಿಡುವ ಪದ್ಧತಿಯನ್ನು, ಈ ದೇಶದಲ್ಲೂ ತರಬೇಕೆಂಬ ಮಾನ್ಯರ ಬೇಡಿಕೆಯು ಸ್ತುತ್ಯರ್ಹವಾದುದು. ಅದರ ಕೊರತೆಯೊಂದೇ, ಅತಿಯಾದ ಸಂಕೋಚ. ಮಾನ್ಯರು ಅಪರಾಧವೊಂದು ನಡೆಯುವವರೆಗಾದರೂ ಕಾಯುತ್ತಾರೆ. 1871ರ ಸರ್ಕಾರ ಅಷ್ಟೂ ಕಾಯಲಿಲ್ಲ.

ಆ ವರ್ಷದ ಅಪರಾಧಿ ಬುಡಕಟ್ಟುಗಳ ಕಾಯ್ದೆಯು, ಕಸುಬು ತಂದೆಯಿಂದ ಮಗನಿಗೆ ಬರುವ ನಾಡಿನಲ್ಲಿ ಕಳ್ಳತನವೂ ಹಾಗೆಯೇ ಬರುತ್ತದೆಂಬ ತರ್ಕವನ್ನು ಹಿಡಿದು, ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಘೋಷಿಸಿ, ಹೆಸರು ಬರೆಸುವ, ಹಾಜರಿ ಕೊಡುವ, ಊರು ಬಿಡಲು ರಹದಾರಿ ಚೀಟಿ ಪಡೆಯುವ ಕಟ್ಟಳೆಗಳನ್ನು ಅವುಗಳ ಮೇಲೆ ಹೇರಿತು. ಮುಂದೆ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಸೆಟ್ಲ್‌ಮೆಂಟ್‌ಗಳು, ಅಂದರೆ ಇಂಥ ಕುಟುಂಬಗಳನ್ನು ಕಾವಲಿನಲ್ಲಿಟ್ಟು ದುಡಿಸುವ ವಸತಿಗಳು, ತಲೆಯೆತ್ತಿದವು. ಎತ್ತಿನ ಹೇರುಗಳಲ್ಲಿ ಉಪ್ಪು, ಧಾನ್ಯ ಸಾಗಿಸಿ ದಂಡುಗಳ ಹೊಟ್ಟೆ ತುಂಬಿಸಿದ್ದ ಲಂಬಾಣಿಗರ ವ್ಯಾಪಾರವನ್ನು ರೈಲೂ ಉಪ್ಪಿನ ಕಾನೂನೂ ಕೂಡಿ ಮುರಿದ ಮೇಲೆ, ಹೇರಿಲ್ಲದೆ ನಡೆಯುವವನು ಸಂಶಯಾಸ್ಪದನೆಂಬುದು ಸರ್ಕಾರಕ್ಕೆ ಸ್ವಯಂಸಿದ್ಧವಾಗಿ ಕಂಡು, ಅವರ ಹಲವು ಗುಂಪುಗಳೂ ಈ ಕಾಯ್ದೆಯ ನೆರಳಿಗೆ ಬಂದವು.

ಆದಕಾರಣ ಮಾನ್ಯರು ಬಯಸುವ ಹೊಸ ಮಸೂದೆಯ ಪ್ರಾಯೋಗಿಕ ಜಾರಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕಿಂತ ಯೋಗ್ಯವಾದ ಸ್ಥಳ ದೊರೆಯಲಾರದೆಂದು ಈ ಪತ್ರವು ಸೂಚಿಸುತ್ತದೆ. 1739ರಲ್ಲಿ ಲಂಬಾಣಿಗರ ಗುರು ಸಂತ ಸೇವಾಲಾಲರು ಜನಿಸಿದರೆಂದು ಭಕ್ತರು ನಂಬುವ, ಭಾಯಾಗಡವೆಂದೂ ಕರೆಯುವ ಈ ಊರಿಗೆ, ಫೆಬ್ರುವರಿ ನಡುವಿನ ಜಯಂತಿಯ ಹೊತ್ತಿಗೆ, ಕರ್ನಾಟಕದ ತಾಂಡಾಗಳಿಂದ, ಎಂದರೆ ಲಂಬಾಣಿ ವಸತಿಗಳಿಂದಲ್ಲದೆ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದಲೂ ಮಾಲಾಧಾರಿಗಳು ತಾವಾಗಿಯೇ ಬಂದು ಸೇರುವುದರಿಂದ, ಹಾಜರಿಗಾಗಿ ಸರ್ಕಾರಿ ಜೀಪುಗಳು ತಾಂಡಾದಿಂದ ತಾಂಡಾಕ್ಕೆ ಅಲೆಯುವ ಖರ್ಚು ಉಳಿಯುತ್ತದೆ. ದರ್ಶನಕ್ಕೆ ಸಾಲು ನಿಂತವರ ಹೆಬ್ಬೆಟ್ಟನ್ನು ಅದೇ ಸಾಲಿನಲ್ಲಿ ಒತ್ತಿಸಿಕೊಳ್ಳಬಹುದು. ಆ ಸಾಲಿನಲ್ಲಿ ವೈದ್ಯರೂ ಮೇಷ್ಟರೂ ಶಾಸಕರೂ, ಬಂದೋಬಸ್ತಿಗೆ ಬಂದ ಪೊಲೀಸರ ಪೈಕಿಯೇ ಕೆಲವರೂ ಇರುವ ಸಂಭವವಿರುವುದರಿಂದ, ಯಾರು ಯಾರ ಹಾಜರಿ ತೆಗೆದುಕೊಳ್ಳಬೇಕೆಂಬ ತೊಡಕನ್ನು ನಿಯಮಾವಳಿಯಲ್ಲಿ ಬಗೆಹರಿಸಿಕೊಳ್ಳತಕ್ಕದ್ದು.

ಹಳೆಯ ಕಾಯ್ದೆ 1952ರಲ್ಲಿ ರದ್ದಾಯಿತಲ್ಲ ಎಂದು ಮಾನ್ಯರು ಮರುಗಬೇಕಾಗಿಲ್ಲ. ಕರ್ನಾಟಕವೇ 1961ರಲ್ಲಿ ಅದೇ ಜಾಡಿನ ರೂಢಿಗತ ಅಪರಾಧಿಗಳ ಕಾಯ್ದೆಯನ್ನು ಮಾಡಿಕೊಂಡಿದೆ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸೆರೆಮನೆ ಕೈಪಿಡಿಗಳಲ್ಲಿದ್ದ ಜಾತಿ ತಾರತಮ್ಯದ ನಿಯಮಗಳನ್ನು ಅಸಿಂಧುಗೊಳಿಸಿ, ಕೈದಿಗಳ ದಾಖಲೆಯಿಂದ ಜಾತಿಯ ಕಾಲಂ ತೆಗೆಯಬೇಕೆಂದು ಹೇಳಿತೆಂಬುದು ಮಾತ್ರ ಈ ದಿಕ್ಕಿನಲ್ಲಿ ಸ್ವಲ್ಪ ಹಿನ್ನಡೆ.

ವಿದೇಶದ ಅನುಭವವೂ ಉತ್ತೇಜಕವಾಗಿದೆ. ಇಂಗ್ಲೆಂಡು 2005ರಲ್ಲಿ ಜಾರಿಗೆ ತಂದ ಇಂಥ ಶಿಕ್ಷೆಯನ್ನು 2012ರಲ್ಲಿ ಕೈಬಿಟ್ಟರೂ, ಆಗಲೇ ಒಳಗಿದ್ದವರಿಗೆ ಆ ರದ್ದತಿ ಅನ್ವಯಿಸದಿದ್ದುದರಿಂದ, ಎರಡು ವರ್ಷಕ್ಕೂ ಕಡಿಮೆಯ ಕನಿಷ್ಠ ಅವಧಿ ಪಡೆದವರಲ್ಲಿ ಕೆಲವರು ಹದಿನೈದು ವರ್ಷ ಕಳೆದರೂ ಹೊರಬರಲಿಲ್ಲ. ತಿದ್ದಿಕೊಂಡಿರುವುದನ್ನು ರುಜುವಾತುಪಡಿಸಲು ತರಬೇತಿ ಮುಗಿಸಬೇಕಿತ್ತು, ತರಬೇತಿಯೋ ಅನೇಕ ಜೈಲುಗಳಲ್ಲಿ ಇರಲೇ ಇಲ್ಲ. ಇದನ್ನು ತಂದ ಗೃಹಸಚಿವ ಡೇವಿಡ್ ಬ್ಲಂಕೆಟ್ ಆಮೇಲೆ ವಿಷಾದಿಸಿದರು. ಅವರ ಪಶ್ಚಾತ್ತಾಪವನ್ನು ಯಾವ ಪೆರೋಲ್ ಮಂಡಳಿಯೂ ಪರೀಕ್ಷಿಸಲಿಲ್ಲ.

ಬೆಂಗಳೂರಿನ ಕೊಲೆಯೊಂದರ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಗಲ್ಲಿನ ಬದಲು ಅವಧಿ ಕಡಿತವಿಲ್ಲದ, ಜೀವವಿರುವವರೆಗಿನ ಸೆರೆಯನ್ನು ವಿಧಿಸಿದ್ದನ್ನು ಮಾನ್ಯರು ಉದಾಹರಿಸುತ್ತಾರೆ. ಅದು ನಡೆದ ಕೃತ್ಯಕ್ಕೆ, ವಿಚಾರಣೆಯ ನಂತರ, ನ್ಯಾಯಾಧೀಶರು ಕೊಟ್ಟ ಶಿಕ್ಷೆಯಾದುದರಿಂದ ಮಾನ್ಯರ ಆದರ್ಶಕ್ಕೆ ಬಹಳ ದೂರ. ಆ ಆದರ್ಶಕ್ಕೆ ಹತ್ತಿರದ ಮಾದರಿ ಬೇಕಿದ್ದರೆ ವಿಚಾರಣಾಧೀನ ಕೈದಿಗಳನ್ನು, ಎಂದರೆ ತೀರ್ಪಿನ್ನೂ ಬಾರದವರನ್ನು, ನೋಡಬಹುದು. ದೇಶದ ಜೈಲುಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ಅವರೇ ಆಗಿರುವುದರಿಂದ, ಹೊಸ ಮಸೂದೆಯ ಕರಡನ್ನು ತಿದ್ದುವ ಶ್ರಮವೂ ಮಾನ್ಯರಿಗೆ ಬೇಕಾಗಲಿಕ್ಕಿಲ್ಲ.

ಅಪಾಯಕಾರಿಯಲ್ಲವೆಂಬ ಪ್ರಮಾಣಪತ್ರದ ನಮೂನೆಯನ್ನು, ಅದಕ್ಕೆ ಸಹಿ ಹಾಕುವ ಅಧಿಕಾರಿಯ ಹುದ್ದೆಯ ಹೆಸರಿನೊಂದಿಗೆ, ಮುಂದಿನ ಜಯಂತಿಯೊಳಗೆ ಕಳುಹಿಸಿಕೊಡಬೇಕಾಗಿ ವಿನಂತಿ.

ಇಂತಿ,
ನೋಂದಣಿಗೆ ಅರ್ಹರಾದವರು, ಸೂರಗೊಂಡನಕೊಪ್ಪ