ಕಾಶಿಯ ಕ್ಯಾಮ್‌ಕಾರ್ಡರ್ ರಾಯರು

ಕ್ಯಾಮ್‌ಕಾರ್ಡರ್ ರಾಯರು ಕಾಶಿಯ ಘಾಟ್‌ಗಳಲ್ಲಿ ಹೇರಳವಾಗಿ ಕಂಡುಬಂದದ್ದು 2000ದಿಂದೀಚಿನ ಒಂದು ದಶಕದಲ್ಲಿ. ನಿವೃತ್ತಿಯ ದುಡ್ಡು, ಅಮೆರಿಕದ ಮಗ ತಂದುಕೊಟ್ಟ ಮಿನಿ ಡಿವಿ ಕ್ಯಾಮೆರಾ, ಸಂಘಮಿತ್ರಾ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ಬರ್ತು, ಇಷ್ಟು ಕೂಡಿಬಂದರೆ ರಾಯರು ಸಿದ್ಧ. ಬ್ಯಾಂಕಿನಿಂದ ಬಂದವರು, ಹೈಸ್ಕೂಲಿನಿಂದ ಬಂದವರು ಎಂಬ ಉಪಭೇದಗಳಿದ್ದರೂ ಕೊರಳಲ್ಲಿ ನೇತಾಡುವ ಚೀಲ ಎಲ್ಲರದೂ ಒಂದೇ. ಮೊಘಲ್‌ಸರಾಯ್ ಸ್ಟೇಷನ್ನಿನಲ್ಲಿ ಇಳಿದೊಡನೆ ಹೆಂಡತಿ ಸಾಮಾನು ಎಣಿಸುತ್ತಾರೆ, ರಾಯರು ಕ್ಯಾಸೆಟ್ಟು ಎಣಿಸುತ್ತಾರೆ.

ಬೆಳಗಿನ ದೋಣಿವಿಹಾರದಲ್ಲಿ ರಾಯರ ಒಂದು ಕಣ್ಣು ಸದಾ ಮುಚ್ಚಿರುತ್ತದೆ. ಹನುಮಾನ್ ಘಾಟ್ ಪಕ್ಕದಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್ ಬಂತೆಂದರೆ ನಾಡಾಭಿಮಾನ ಉಕ್ಕಿ ಬರೀ ಮೆಟ್ಟಿಲುಗಳನ್ನೇ ಐದು ನಿಮಿಷ ಹಿಡಿಯುತ್ತಾರೆ. ಮಣಿಕರ್ಣಿಕಾದಲ್ಲಿ ಚಿತೆಗಳ ಚಿತ್ರ ತೆಗೆಯಬಾರದು. ಅಂಬಿಗ ಗದರಿದ ಮೇಲೆ ಕ್ಯಾಮೆರಾ ಮಡಿಲಿಗೆ ಇಳಿಯುತ್ತದೆ, ಕೆಂಪು ದೀಪ ಮಾತ್ರ ಆರುವುದಿಲ್ಲ. ವಿಶ್ವನಾಥನ ಗುಡಿಯೊಳಗೂ ಕ್ಯಾಮೆರಾಕ್ಕೆ ಪ್ರವೇಶವಿಲ್ಲ. ಲಾಕರಿನವನನ್ನು ನಂಬದ ರಾಯರು ಹೊರಗೇ ನಿಲ್ಲುತ್ತಾರೆ, ದರ್ಶನ ಹೆಂಡತಿಯದು. ಕಾಶಿಗೆ ಹೋದವರು ಇಷ್ಟವಾದ ಒಂದು ತರಕಾರಿಯನ್ನೋ ಹಣ್ಣನ್ನೋ ಅಲ್ಲಿ ಬಿಟ್ಟು ಬರುವುದು ವಾಡಿಕೆ. ರಾಯರು ಬಿಡುವುದು ಹಾಗಲಕಾಯಿ. ಬಿಟ್ಟು ಬರಬಹುದಾಗಿದ್ದ ಇನ್ನೊಂದು ವಸ್ತು ಅವರ ಕೈಯಲ್ಲೇ ಇತ್ತೆಂದು ನೆಂಟರಿಗೆ ಹೊಳೆಯುವುದು ತಡವಾಗಿ.

ಹೊಳೆಯುವ ದಿನ ಭಾನುವಾರ. ಕಂಪ್ಯೂಟರ್ ಇರುವ ಸೋದರಳಿಯನ ಮನೆಯ ಬಾಗಿಲಲ್ಲಿ ರಾಯರು. ‘ಏನಪ್ಪಾ, ಕಂಪ್ಯೂಟರ್ ಖಾಲಿ ಇದೆಯಾ? ಐದೇ ನಿಮಿಷದ ಕೆಲಸ.’ ಈ ಐದು ನಿಮಿಷದ ಲೆಕ್ಕ ವಿವರವಾಗಿ ತಿಳಿಯತಕ್ಕದ್ದು. ಕ್ಯಾಮೆರಾದಲ್ಲಿ ಎರಡು ತೂತುಗಳಿರುತ್ತವೆ. ಯುಎಸ್‌ಬಿ ತೂತಿನಿಂದ ಸಾಮಾನ್ಯವಾಗಿ ಬರುವುದು ಮೆಮೊರಿ ಕಾರ್ಡಿನಲ್ಲಿರುವ ಫೋಟೊ ಮಾತ್ರ. ಟೇಪಿನ ಚಿತ್ರ ಪೂರ್ತಿ ಗುಣದೊಂದಿಗೆ ಬರಬೇಕಾದರೆ ಫೈರ್‌ವೈರ್ ಬೇಕು. ಸೋನಿಯವರು ಅದನ್ನೇ ಐ-ಲಿಂಕ್ ಎಂದು ಕರೆದು ಅಳಿಯಂದಿರ ಗೊಂದಲ ಹೆಚ್ಚಿಸಿದರು. ಕ್ಯಾಮೆರಾದ ಕಡೆ ನಾಲ್ಕು ಪಿನ್ನು, ಕಂಪ್ಯೂಟರಿನ ಕಡೆ ಬಹುಮಟ್ಟಿಗೆ ಆರು. ಕಂಪ್ಯೂಟರಿನಲ್ಲಿ ಆ ತೂತೇ ಇಲ್ಲದಿದ್ದರೆ ಕಾರ್ಡೊಂದನ್ನು ತಂದು ಕೂಡಿಸಬೇಕು. ರಾಯರು ಯುಎಸ್‌ಬಿ ಸಿಕ್ಕಿಸಿ, ನಾಲ್ಕು ಫೋಟೊ ಕಂಡೊಡನೆ, ‘ಇದರ ಹಿಂದೆಯೇ ವಿಡಿಯೋ ಬರುತ್ತೆ, ತಾಳು’ ಎಂದು ಕಾಯುತ್ತಾರೆ.

ಕೇಬಲ್ ಸಿಕ್ಕಮೇಲೆ ಕ್ಯಾಮೆರಾವನ್ನು ರೆಕಾರ್ಡಿನಿಂದ ಪ್ಲೇ ಸ್ಥಾನಕ್ಕೆ ತರಬೇಕು. ಬ್ಯಾಟರಿ ನಂಬದೆ ಅಡಾಪ್ಟರನ್ನೇ ಗೋಡೆಗೆ ಸಿಕ್ಕಿಸಬೇಕು. ಫೈಲು ನಕಲು ಮಾಡಿದಂತೆ ಇದು ಸರ್ರನೆ ಆಗುವ ಕೆಲಸವಲ್ಲ. ಟೇಪು ತನ್ನ ವೇಗದಲ್ಲೇ ಓಡಬೇಕು: ಒಂದು ಗಂಟೆಯ ಕಾಶಿ ಇಳಿಯಲು ಒಂದು ಗಂಟೆ, ಡಿಸ್ಕಿನಲ್ಲಿ ಸುಮಾರು 13 ಜಿಬಿ ಜಾಗ. ಆ ಕಾಲದ 40 ಜಿಬಿ ಡಿಸ್ಕಿಗೆ ಮೂರು ಕ್ಯಾಸೆಟ್ಟೆಂದರೆ ಅಜೀರ್ಣ. ಡಿಸ್ಕು ಫ್ಯಾಟ್ 32 ಪದ್ಧತಿಯದಾದರೆ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಇಪ್ಪತ್ತು ನಿಮಿಷ ತುಂಬುವ ಮೊದಲೇ ದಶಾಶ್ವಮೇಧದ ಆರತಿ ಅರ್ಧಕ್ಕೆ ತುಂಡಾಗುತ್ತದೆ. ನಡುವೆ ಬೇರೆ ಕೆಲಸ ಮಾಡಿದರೆ ಫ್ರೇಮುಗಳು ಬಿಟ್ಟುಹೋಗುವ ಭಯ. ಅಳಿಯ ಕೈಕಟ್ಟಿ ಕೂರಬೇಕು. ರಾಯರು ಕುರ್ಚಿ ಎಳೆದುಕೊಂಡು ವ್ಯಾಖ್ಯಾನಕ್ಕೆ ಕೂರುತ್ತಾರೆ. ‘ಈಗ ನೋಡು, ಆರತಿ ಬರುತ್ತೆ.’ ಬರುವುದು ಕಾಲುಗಳು.

ಇದು ಈ ವರ್ಗದ ಖಚಿತ ಲಕ್ಷಣ. ಗುಂಡಿಯನ್ನು ಒಂದು ಸಲ ಹೆಚ್ಚಿಗೆ ಒತ್ತಿದ ಕಾರಣ ಕ್ಯಾಮೆರಾ ಎತ್ತಿದಾಗ ನಿಂತಿರುತ್ತದೆ, ಇಳಿಬಿಟ್ಟಾಗ ಓಡುತ್ತದೆ. ವಿಶ್ವನಾಥ ಗಲ್ಲಿಯ ಒದ್ದೆ ಕಲ್ಲು, ಸಗಣಿ, ಯಾರದೋ ಹವಾಯಿ ಚಪ್ಪಲಿ, ಮುಂದೆ ನಡೆಯುವ ಸೀರೆಯ ಅಂಚು, ಬಿರುಕುಬಿಟ್ಟ ಹಿಮ್ಮಡಿ, ಸವೆದ ಕಾಲುಂಗುರ. ಅಳಿಯ ಆಕಳಿಸುತ್ತಾನೆ. ಆದರೆ ಮೈಕು ಎಲ್ಲವನ್ನೂ ಕೇಳಿಸಿಕೊಂಡಿದೆ. ‘ಈ ಕಡೆ ನೋಡೇ’ ಎಂದು ನಿಲ್ಲಿಸಿ ತೆಗೆದ ಭಾಗಗಳಲ್ಲಿ ಹೆಂಡತಿ ಪಾಸ್‌ಪೋರ್ಟ್ ಮುಖ ಹೊತ್ತು ಸುಮ್ಮನಿದ್ದಾರೆ. ಇಲ್ಲಿ ಬನಾರಸಿ ಸೀರೆಯ ಬೆಲೆ ಕೇಳಿ ಬೈಯುತ್ತಾರೆ, ನಗುತ್ತಾರೆ, ‘ಕಾಲು ನೋಯುತ್ತೇನ್ರೀ, ಕೂತ್ಕೊಳ್ಳಿ ಸ್ವಲ್ಪ’ ಎನ್ನುತ್ತಾರೆ. ರಾಯರ ವ್ಯಾಖ್ಯಾನ ನಿಲ್ಲುವುದು ಇಲ್ಲಿ ಮಾತ್ರ.

ಟೇಪಿನಿಂದ ಸ್ಥಿರಚಿತ್ರ ತೆಗೆಯುವುದು ಮುಂದಿನ ಹಂತ. ಅಮೆರಿಕದ ಎನ್‌ಟಿಎಸ್‌ಸಿ ಕ್ಯಾಮೆರಾದ ಒಂದು ಫ್ರೇಮಿನಲ್ಲಿ ಇರುವುದು 720×480 ಚುಕ್ಕೆ, ಅಂದರೆ ಮೂರೂವರೆ ಲಕ್ಷಕ್ಕೂ ಕಡಿಮೆ. ಒಂದು ಫ್ರೇಮು ಎರಡು ಕ್ಷಣಗಳ ಗೆರೆಗಳನ್ನು ಹೆಣೆದದ್ದಾದ್ದರಿಂದ ಆರತಿಯ ದೀಪ ಅಲುಗಿದರೆ ಅಂಚಿಗೆ ಬಾಚಣಿಗೆ ಹಲ್ಲು ಮೂಡುತ್ತದೆ. ಅದನ್ನೇ ಗೋಡೆಯಷ್ಟು ದೊಡ್ಡದು ಮಾಡಿಕೊಡಲು ರಾಯರ ಅಪ್ಪಣೆ. ಕಾಶಿ ಸಮಾರಾಧನೆಯ ದಿನ, ಹೋಳಿಗೆ ಊಟ ಮುಗಿಸಿದ ನೆಂಟರ ಮುಂದೆ ಇದರ ಪ್ರದರ್ಶನ. ಅರ್ಧದಷ್ಟು ಜನ ಗಂಗೆಯ ಗಿಂಡಿ ಕೈಗೆ ಬಂದೊಡನೆ ಹೊರಡುತ್ತಾರೆ.

ಮೊಬೈಲು ಬಂದ ಮೇಲೆ ಈ ಸಂತತಿ ಕ್ಷೀಣಿಸಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಫೈರ್‌ವೈರ್ ಇಲ್ಲ. ಟೇಪಿನ ಮೇಲಿನ ಕಾಂತೀಯ ಲೇಪ ತೇವಕ್ಕೂ ಬೂಷ್ಟಿಗೂ ಕೆಡುತ್ತದೆ. ಬೀರುವಿನಲ್ಲಿ ಕಾಶಿಯ ಕ್ಯಾಸೆಟ್ಟುಗಳಿರುವ ಮನೆಯವರು ಹಳೆಯ ಕ್ಯಾಮೆರಾ ಓಡುತ್ತಿರುವಾಗಲೇ ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಜಾಗ ಸಾಲದೆ ಕತ್ತರಿ ಹಾಕುವುದಾದರೆ ಕರ್ನಾಟಕ ಘಾಟಿನ ಮೆಟ್ಟಿಲುಗಳಿಗೆ ಹಾಕಿ, ಕಾಲುಗಳ ಭಾಗವನ್ನು ಉಳಿಸಿಕೊಳ್ಳಿ.